ಕಿಟಕಿಗೆ ಕಟ್ಟಿದ ಹದಿಮೂರು ಡಿಸ್ಕು

ಮಾರ್ಚ್ 3, ಸೋಮವಾರ

ಈ ಪುಸ್ತಕ ಅಮ್ಮನಿಗೆಂದು ತಂದದ್ದು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಹೇಳಬೇಕಾದದ್ದನ್ನು ಇದರಲ್ಲಿ ಬರೆದು ತೋರಿಸಲಿ ಎಂದುಕೊಂಡಿದ್ದೆ. ಅಮ್ಮ ಎರಡು ಹಾಳೆ ಬರೆದು ಮುಚ್ಚಿಟ್ಟಳು. ‘ಉಪ್ಪು ಕಮ್ಮಿ ಅಂದಿದ್ದೂ ಹಾಗೇ ಉಳ್ಕೊಂಡುಬಿಡತ್ತೆ. ನಂಗೆ ಬೇಡ’ ಎಂಬುದೇ ಕೊನೆಯ ಸಾಲು. ಅಟ್ಟದಿಂದ ನನ್ನ ಹಳೆಯ ಸ್ಲೇಟು ತೆಗೆಸಿಕೊಂಡಿದ್ದಾಳೆ. ಮಾತೆಂದರೆ ಅಳಿಸಿಹೋಗಬೇಕಂತೆ. ಉಳಿದ ಹಾಳೆ ಹಾಳಾಗುವುದು ಬೇಡ ಎಂದು ನಾನು ಬರೆಯುತ್ತಿದ್ದೇನೆ. ಐದನೇ ಕ್ಲಾಸಿನ ನಂತರ ಇಷ್ಟು ಸಾಲು ಒಟ್ಟಿಗೆ ಬರೆದದ್ದು ಇದೇ ಮೊದಲು.

ಅಮ್ಮನ ಗಂಟಲಲ್ಲಿದ್ದ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದಾರೆ. ಗಂಟು ಪೂರ್ತಿ ಹೋಗಿದೆ, ಇನ್ನು ಹೆದರಬೇಡಿ ಎಂದರು ಡಾಕ್ಟರು. ಅಮ್ಮ ಕತ್ತಿಗೆ ತೆಳ್ಳನೆ ಬಟ್ಟೆ ಕಟ್ಟಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ.

ಅಪ್ಪನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕೈ ಮಾತೇ. ಬಾಯಿ ಮಾತು ಅಮ್ಮನ ಪಾಲಿನದು. ನನ್ನ ಹತ್ತಿರ ಅವಳು ಬಾಯಲ್ಲೇ ಆಡುತ್ತಿದ್ದಳು, ಈಗ ಆ ಮಾತೆಲ್ಲ ಸ್ಲೇಟಿಗೆ. ಕೆಳಗೆ ಅಪ್ಪನ ಸೈಕಲ್ ರಿಪೇರಿ ಅಂಗಡಿ, ಮೇಲೆ ಮನೆ. ಗಿರಾಕಿ ಬಂದರೆ ಅಮ್ಮ ಕಿಟಕಿಯಿಂದ ಕೂಗಿ ಕೇಳುತ್ತಿದ್ದಳು, ‘ಮುಂದಿನ ಚಕ್ರವಾ, ಹಿಂದಿನದಾ?’ ಆಮೇಲೆ ಅಪ್ಪನಿಗೆ ಕೈಯಲ್ಲಿ ಹೇಳುತ್ತಿದ್ದಳು. ಅಪ್ಪ ಅಮ್ಮನಿಗೆ ಇಟ್ಟ ಹೆಸರೇ ಅದು: ಬಾಯಿಯ ಪಕ್ಕದಲ್ಲಿ ಬೆರಳುಗಳನ್ನು ಹಕ್ಕಿಯ ಕೊಕ್ಕಿನಂತೆ ತೆರೆದು ಮುಚ್ಚುವುದು. ನನ್ನ ಹೆಸರು ಮುಷ್ಟಿ ಬಿಗಿದು ಬೆನ್ನ ಹಿಂದೆ ಅಡಗಿಸುವುದು. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಕೊಕ್ಕಿನ ಸನ್ನೆ ಮಾಡಿಲ್ಲ. ಅಮ್ಮನನ್ನು ಕರೆಯಬೇಕಾದರೆ ಕಣ್ಣ ಸುತ್ತ ಬೆರಳಿನಲ್ಲಿ ಕನ್ನಡಕ ಬರೆದು ತೋರಿಸುತ್ತಾನೆ. ನಾನು ನೋಡಿಯೂ ನೋಡದ ಹಾಗೆ ಇದ್ದೇನೆ.

ಇವತ್ತು ಅಪ್ಪ ಕಪಾಟಿನಿಂದ ತಗಡಿನ ಡಬ್ಬಿ ಇಳಿಸಿದ. ಒಳಗೆ ಹದಿನಾಲ್ಕು ಡಿಸ್ಕು. ಅಮ್ಮ ಕೆಲಸ ಮಾಡುತ್ತಿದ್ದ ಫೋಟೋ ಸ್ಟುಡಿಯೋ ಮುಚ್ಚುವಾಗ ಮಾಲೀಕರು ಅವಳಿಗೊಂದು ಹಳೇ ವಿಡಿಯೋ ಕ್ಯಾಮೆರಾ ಕೊಟ್ಟಿದ್ದರು. ಅದರಲ್ಲಿ ಅಮ್ಮ ಹಿಡಿದದ್ದನ್ನೆಲ್ಲ ಡಿಸ್ಕಿಗೆ ಹಾಕಿಸಿ ಇಟ್ಟಿದ್ದಳು. ಹಾಕಿ ನೋಡುವ ಪೆಟ್ಟಿಗೆ ಕೆಟ್ಟು ನಾಲ್ಕು ವರ್ಷ ಆಯಿತು. ಕೆಲವು ಡಿಸ್ಕಿನ ಅಂಚಿನಲ್ಲಿ ಬೂಷ್ಟಿನಂಥ ಚುಕ್ಕೆ ಬಂದಿದೆ. ಅಪ್ಪ ಕೈಯಲ್ಲಿ ಹೇಳಿದ: ಇವನ್ನೆಲ್ಲ ಕಂಪ್ಯೂಟರಿಗೆ ಹಾಕು. ಅವಳು ನೋಡಲಿ. ನಗಲಿ.

ಕಂಪ್ಯೂಟರು ದೊಡ್ಡಮ್ಮನ ಆಫೀಸಿನಲ್ಲಿ ಹಳತಾಯಿತೆಂದು ತೆಗೆದುಹಾಕಿದ್ದು. ಅಮ್ಮನ ಅಕ್ಕ ಅವಳು. ಮೂರು ಭಾನುವಾರ ಪಕ್ಕದಲ್ಲಿ ಕೂತು, ತಲೆಗೆ ಮೊಟಕಿ ಮೊಟಕಿ ಕಲಿಸಿದ್ದಾಳೆ. ಆಗುತ್ತದೆ ಎಂದೆ ಅಪ್ಪನಿಗೆ.

ಮಾರ್ಚ್ 4, ಮಂಗಳವಾರ

ಆಗಲಿಲ್ಲ.

ಡಿಸ್ಕನ್ನು ಫೈಲ್ ಮಾಡುವ ಪ್ರೋಗ್ರಾಮು ನಾಲ್ಕು ಪರ್ಸೆಂಟಿಗೆ ಬಂದು ನಿಲ್ಲುತ್ತದೆ. ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು ಬರುತ್ತದೆ. ಡಿಸ್ಕು ಒರೆಸಿ ಹಾಕಿದೆ, ನಾಲ್ಕು. ಬೇರೆ ಡಿಸ್ಕು ಹಾಕಿದೆ, ನಾಲ್ಕು. ಕಂಪ್ಯೂಟರು ಆರಿಸಿ ಹಚ್ಚಿದೆ, ಆಗಲೂ ನಾಲ್ಕೇ. ಇದಕ್ಕೆ ಐದೆಂಬುದು ಇದೆ ಎಂದೇ ಗೊತ್ತಿಲ್ಲವೇನೋ.

ಕೆಂಪು ಸಾಲನ್ನು ಚಿತ್ರ ಬರೆದ ಹಾಗೆ ಒಂದೊಂದೇ ಅಕ್ಷರ ನೋಡಿ ಚೀಟಿಗೆ ಇಳಿಸಿಕೊಂಡು ಮೂಲೆಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿಯವರು ತುಟಿಯ ನಡುವೆ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾರೆ. ಬೀದಿಯವರೆಲ್ಲ ಸ್ಕ್ರೂ ಅಣ್ಣ ಎನ್ನುತ್ತಾರೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಒಳಗೆ ಕಾಲಿಟ್ಟದ್ದೇ ಎಲ್ಲ ಆವಿಯಾಯಿತು. ಚೀಟಿ ಮುಂದೆ ಚಾಚಿದೆ.

‘ಏನಮ್ಮ, ಡಾಕ್ಟರ ಚೀಟಿ ತಂದ್ಹಾಗೆ ತಂದಿದ್ದೀಯ’ ಎಂದರು. ಓದಿದರು. ‘ಸೌಂಡಲ್ಲಿ ಏನೋ ತಕರಾರು. ಸೌಂಡ್ ಅಂತ ಒಂದು ಟಿಕ್ ಇರತ್ತಲ್ಲ, ಅದನ್ನ ತೆಗೆದು ಒಂದ್ಸಲ ಓಡ್ಸಿ ನೋಡು. ಓಡಿದ್ರೆ ಮಿಕ್ಕಿದ್ದೆಲ್ಲ ಸರಿ ಇದೆ ಅಂತ ಅರ್ಥ. ಬಂದು ಹೇಳು, ಮುಂದೇನು ಅಂತ ನಾನು ಹೇಳ್ತೀನಿ. ಏನು? ಬಂದು ಹೇಳ್ಬೇಕು.’

ತಲೆ ಆಡಿಸಿದೆ.

ಮಾರ್ಚ್ 6, ಗುರುವಾರ

ಓಡಿತು! ಟಿಕ್ ತೆಗೆದ ಕೂಡಲೇ ನಾಲ್ಕು ದಾಟಿ, ಹತ್ತು ದಾಟಿ, ನೂರು ಮುಟ್ಟಿತು. ಅಪ್ಪನನ್ನು ಕೆಳಗಿನಿಂದ ಎಳೆದುಕೊಂಡು ಬಂದೆ. ಕೈಯೆಲ್ಲ ಗ್ರೀಸು, ಮೌಸ್ ಮುಟ್ಟಬೇಡ ಎಂದೆ.

ಒಂದನೇ ಡಿಸ್ಕು. ಅಪ್ಪ ಒಂದು ಚಕ್ರವನ್ನು ಕಣ್ಣಿನ ನೇರಕ್ಕೆ ಹಿಡಿದು ಬೆಂಡು ನೋಡುತ್ತಿದ್ದಾನೆ. ತಲೆಯಲ್ಲಿ ಎಷ್ಟೊಂದು ಕೂದಲು. ಮೂರು ವರ್ಷದ ನಾನು ಅವನ ಕಾಲಿನ ಹಿಂದಿನಿಂದ ಒಂದೇ ಕಣ್ಣು ಹೊರಗೆ ಹಾಕಿ ನೋಡುತ್ತಿದ್ದೇನೆ. ಇಡೀ ಡಿಸ್ಕು ಮುಗಿದರೂ ಎರಡನೇ ಕಣ್ಣು ಹೊರಗೆ ಬರಲಿಲ್ಲ. ಅಪ್ಪ ಬಿದ್ದು ಬಿದ್ದು ನಕ್ಕ.

ಅಮ್ಮ ಎದ್ದು ಬಂದು ಕುರ್ಚಿಯ ಹಿಂದೆ ನಿಂತಳು. ಸ್ವಲ್ಪ ಹೊತ್ತು ನೋಡಿ ‘ಚೆನ್ನಾಗಿದೆ’ ಎಂದು ಬರೆದು ತೋರಿಸಿ ಅಡುಗೆಮನೆಗೆ ಹೋದಳು. ನಗುತ್ತಾಳೆ ಎಂದುಕೊಂಡಿದ್ದೆವು.

ಯೋಚಿಸಿದರೆ, ಅಮ್ಮ ಒಂದು ಕಡೆಯೂ ಕಾಣುವುದಿಲ್ಲ. ಕ್ಯಾಮೆರಾ ಅವಳ ಕೈಯಲ್ಲೇ ಇತ್ತಲ್ಲ.

ಕಂಪ್ಯೂಟರಿಗೆ ಸ್ಪೀಕರ್ ಇಲ್ಲ, ಹಾಗಾಗಿ ಸದ್ದಿಲ್ಲ. ಅದು ನಮಗೇನೂ ಹೊಸದಲ್ಲ. ನಮ್ಮ ಮನೆಯ ಟೀವಿಗೂ ಸದ್ದಿಲ್ಲ. ಒಬ್ಬರಿಗೆ ಕೇಳದ್ದನ್ನು ಇನ್ನಿಬ್ಬರು ಯಾಕೆ ಕೇಳಬೇಕು ಎಂದು ಅಮ್ಮ ಮದುವೆಯಾದ ಹೊಸದರಲ್ಲೇ ನಿಲ್ಲಿಸಿಬಿಟ್ಟಳಂತೆ.

ಸ್ಕ್ರೂ ಅಣ್ಣ ಬಂದು ಹೇಳು ಎಂದಿದ್ದರು. ಓಡಿತಲ್ಲ, ಇನ್ನೇನು ಹೇಳುವುದು. ಹೋದರೆ ಮತ್ತೆ ಅವರೆದುರು ನಿಂತು ಬಾಯಿ ತೆರೆಯಬೇಕು. ಹೋಗಲಿಲ್ಲ.

ಮಾರ್ಚ್ 9, ಭಾನುವಾರ

ಐದು ಡಿಸ್ಕು ಮುಗಿಯಿತು. ದೊಡ್ಡಮ್ಮ ಈ ವಾರ ಬರಲಿಲ್ಲ, ಆಫೀಸಿನಲ್ಲಿ ಕೆಲಸವಂತೆ.

ಅಡುಗೆಮನೆ ಕಿಟಕಿಯ ಹೊರಗೆ ಪಾರಿವಾಳಗಳ ಕಾಟ. ಅಮ್ಮ ತೊಳೆದಷ್ಟೂ ಹೊಲಸು ಮಾಡುತ್ತವೆ. ಮುಗಿದ ಐದು ಡಿಸ್ಕನ್ನು ಅಪ್ಪ ಕೆಳಗೆ ಒಯ್ದು, ಡ್ರಿಲ್ಲಿನಿಂದ ಅಂಚಿನಲ್ಲಿ ಒಂದೊಂದು ತೂತು ಕೊರೆದು, ಹಳೇ ಬ್ರೇಕ್ ತಂತಿಯಲ್ಲಿ ಕಿಟಕಿಯ ಸರಳಿಗೆ ಸಾಲಾಗಿ ಕಟ್ಟಿದ. ಮಧ್ಯದಲ್ಲಿ ಹೇಗೂ ತೂತಿದೆಯಲ್ಲ ಎಂದು ಕೈಯಲ್ಲಿ ಕೇಳಿದೆ. ಅಲ್ಲಿಂದ ಕಟ್ಟಿದರೆ ಒಂದೇ ಕಡೆ ಮುಖ ಮಾಡಿ ನೇತಾಡುತ್ತದೆ, ಅಂಚಿನಿಂದ ಕಟ್ಟಿದರೆ ಸುತ್ತುತ್ತದೆ ಎಂದು ನನಗೇ ಪಾಠ ಹೇಳಿದ. ಚಕ್ರದ ವಿಷಯದಲ್ಲಿ ಅಪ್ಪನಿಗೆ ಎದುರು ಮಾತಾಡುವ ಹಾಗಿಲ್ಲ.

ಬಿಸಿಲಿಗೆ ಅಡುಗೆಮನೆಯ ತುಂಬ ಕಾಮನಬಿಲ್ಲಿನ ಬಣ್ಣ ಓಡಾಡಿತು. ಪಾರಿವಾಳಗಳು ಹಾರಿಹೋದವು. ಅರ್ಧ ಗಂಟೆಗೆ ಒಂದು ವಾಪಸ್ ಬಂದು ಡಿಸ್ಕಿನೆದುರು ಕೂತು ಕತ್ತು ಆ ಕಡೆ ಈ ಕಡೆ ಮಾಡಿ ತನ್ನನ್ನೇ ನೋಡಿಕೊಂಡಿತು. ಅಮ್ಮ ಸ್ಲೇಟು ತೋರಿಸಿದಳು: ‘ಅಲಂಕಾರಕ್ಕೆ ಕನ್ನಡಿ ಕಟ್ಟಿಕೊಟ್ಟ ಹಾಗಾಯ್ತು.’ ಸ್ವಲ್ಪ ನಕ್ಕಳು. ಅಪ್ಪ ಅದನ್ನು ನೋಡಿದ.

ಮಾರ್ಚ್ 12, ಬುಧವಾರ

ಗಿರಾಕಿ ಬಂದಾಗ ಅಮ್ಮ ಈಗ ಚಮಚದಿಂದ ಕಿಟಕಿ ಸರಳಿಗೆ ಬಡಿಯುತ್ತಾಳೆ. ಅವರು ಮೇಲೆ ನೋಡುತ್ತಾರೆ. ಆಮೇಲೆ ಏನು ಎಂದು ಅವರಿಗೂ ಗೊತ್ತಿಲ್ಲ, ಅವಳಿಗೂ ಇಲ್ಲ. ಇವತ್ತು ಅಮ್ಮ ನನ್ನ ಭುಜ ಹಿಡಿದು ಕಿಟಕಿಗೆ ದೂಡಿದಳು. ‘ನಾಳೆ ಬನ್ನಿ’ ಎಂದೆ. ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಎಂದೆ. ಸೈಕಲ್ಲಿನವರು ‘ಆಂ?’ ಎಂದರು. ಮೂರನೇ ಸಲ ಅವರಿಗೆ ತಲುಪಿತು. ಬೆನ್ನೆಲ್ಲ ಬೆವರು.

ಮಾರ್ಚ್ 15, ಶನಿವಾರ

ಹದಿಮೂರು ಮುಗಿಯಿತು. ಹದಿಮೂರೂ ಕಿಟಕಿಯಲ್ಲಿ. ಹದಿನಾಲ್ಕನೆಯದರ ಮೇಲೆ ಉದ್ದಕ್ಕೆ ಗೀರು ಬಿದ್ದಿದೆ, ಕಂಪ್ಯೂಟರು ಅದನ್ನು ಒಳಗೆ ತೆಗೆದುಕೊಂಡು ಬೇಡ ಎಂದು ಹೊರಗೆ ದೂಡುತ್ತದೆ. ಡಬ್ಬಿಯಲ್ಲೇ ಇಟ್ಟೆ.

ಹನ್ನೆರಡನೆಯದು ನೋಡಬಾರದಿತ್ತು. ‘ಶಾಲೆ’ ಎಂದು ಅಮ್ಮ ಅದರ ಮೇಲೆ ಬರೆದಿದ್ದಳು. ಐದನೇ ಕ್ಲಾಸಿನ ನಾನು ವೇದಿಕೆಯ ಮೇಲೆ ಪುಸ್ತಕ ಹಿಡಿದು ನಿಂತಿದ್ದೇನೆ. ಪಾಠದ ಮೂರು ಸಾಲು ಓದಬೇಕಿತ್ತು. ಓದುವುದಿಲ್ಲ. ಬಾಯಿ ಅಂಟಿಕೊಂಡಿದೆ. ಎಷ್ಟು ಹೊತ್ತು! ಆಮೇಲೆ ಇಳಿದು ಹೋಗುತ್ತೇನೆ. ಮಾರನೆಯ ದಿನದಿಂದ ಶಾಲೆಗೆ ಹೋಗಲಿಲ್ಲ. ಅಮ್ಮ ಇದನ್ನು ಯಾಕೆ ಹಿಡಿದಳು, ಹಿಡಿದು ಯಾಕೆ ಇಟ್ಟುಕೊಂಡಳು? ಈ ಫೈಲನ್ನು ಅಳಿಸುತ್ತೇನೆ. ಇವತ್ತು ಬೇಡ, ನಾಳೆ.

ಮಾರ್ಚ್ 16, ಭಾನುವಾರ

ಬರೆಯಲು ಆಗುತ್ತಿಲ್ಲ. ಆದರೂ ಬರೆಯುತ್ತೇನೆ.

ದೊಡ್ಡಮ್ಮ ಬಂದಳು. ಬಾಗಿಲಲ್ಲೇ ‘ಏನೇ, ಮೂಗಿ ಆದ್ಮೇಲೆ ಮೈಕೈ ತುಂಬ್ಕೊಂಡಿದ್ದೀಯ. ಮಾತಾಡಿ ಮಾತಾಡಿ ತಿಂದಿದ್ದೆಲ್ಲ ಖರ್ಚಾಗ್ತಿತ್ತು ಅಂತ ಕಾಣತ್ತೆ’ ಎಂದು ಅಮ್ಮನನ್ನು ಅಪ್ಪಿಕೊಂಡಳು. ಹೀಗೆ ಹೇಳಲು ಅವಳೊಬ್ಬಳಿಗೇ ಸಾಧ್ಯ. ಅಮ್ಮ ಸ್ಲೇಟಿನಿಂದ ಅವಳ ತಲೆಗೆ ಮೊಟಕಿದಳು. ದೊಡ್ಡಮ್ಮನ ಚೀಲದಲ್ಲಿ ಎರಡು ಸ್ಪೀಕರ್ ಇದ್ದವು, ಅವೂ ಆಫೀಸಿನವು.

ಎಲ್ಲರೂ ಕೂತರು. ನಾನು ಒಂದನೇ ಫೈಲು ಹಾಕಿದೆ.

‘ಸದ್ದೆಲ್ಲೇ?’ ಎಂದಳು ದೊಡ್ಡಮ್ಮ. ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಗುಂಡಿ ತಿರುಗಿಸಿದಳು. ಬೇರೆ ಏನೋ ಹಾಕಿ ನೋಡಿದಳು, ಸ್ಪೀಕರು ಗಟ್ಟಿಯಾಗಿ ಕಿರುಚಿತು. ಎರಡನೇ ಫೈಲು, ಐದನೇ ಫೈಲು ಹಾಕಿದಳು. ಸದ್ದಿಲ್ಲ. ‘ಇದರಲ್ಲಿ ನಿಮ್ಮಮ್ಮ ಎಷ್ಟು ಮಾತಾಡಿದಾಳೆ ಗೊತ್ತೇನೇ? ಹಿಂದೆ ನಿಂತ್ಕೊಂಡು ವಟವಟ ವಟವಟ. ನಾವು ಬಾಯಿ ತೆರೆಯೋಕೆ ಜಾಗವೇ ಇರ್ಲಿಲ್ಲ. ಡಿಸ್ಕ್ ತುಂಬ ಅವಳೇ!’

ಟಿಕ್ಕು. ನಾನೇ ತೆಗೆದ ಟಿಕ್ಕು.

ಅಮ್ಮ ಒಂದರಲ್ಲೂ ಇಲ್ಲ ಎಂದು ನಾನೇ ಬರೆದಿದ್ದೇನೆ, ಇದೇ ಪುಸ್ತಕದಲ್ಲಿ. ಎಲ್ಲದರಲ್ಲೂ ಇದ್ದಳು. ನಾನು ಒಂದೊಂದಾಗಿ ಅವಳನ್ನು ತೆಗೆದು ಹಾಕಿದೆ. ನಮ್ಮದು ಗುಂಡಿ ಒತ್ತುವ ಫೋನು, ಅದರಲ್ಲಿ ಯಾರ ದನಿಯೂ ಉಳಿಯುವುದಿಲ್ಲ. ಅಮ್ಮನ ದನಿ ಇದ್ದದ್ದು ಆ ಡಿಸ್ಕುಗಳಲ್ಲಿ ಮಾತ್ರ.

ದೊಡ್ಡಮ್ಮ ‘ಮತ್ತೊಂದ್ಸಲ ಮಾಡಿದ್ರಾಯ್ತು, ಡಿಸ್ಕ್ ಎಲ್ಲಿ?’ ಎಂದಳು. ನಾವು ಮೂವರೂ ಕಿಟಕಿ ಕಡೆ ನೋಡಿದೆವು. ಗಾಳಿಗೆ ಹದಿಮೂರೂ ತಿರುಗುತ್ತಿದ್ದವು.

ಅಮ್ಮ ‘ಹೋಗ್ಲಿ ಬಿಡು’ ಎಂದು ಬರೆದಳು. ನಾನು ಓದಿ ಮುಗಿಸುವಷ್ಟರಲ್ಲೇ ಒರೆಸಿದಳು. ಅಪ್ಪ ಏನಾಯಿತು ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದ. ದೊಡ್ಡಮ್ಮ ಕೈಯಲ್ಲಿ ಹೇಳಿದಳು. ಅವನು ತನ್ನ ಕೈಗಳನ್ನು ನೋಡಿಕೊಂಡ. ತೂತು ಕೊರೆದ ಕೈ.

ಮಾರ್ಚ್ 17, ಸೋಮವಾರ

ಅಂಗಡಿ ತೆರೆಯುವ ಮುಂಚೆಯೇ ಹೋಗಿ ನಿಂತಿದ್ದೆ. ಸ್ಕ್ರೂ ಅಣ್ಣ ಬೀಗಕ್ಕೆ ಕೈ ಹಾಕುವಾಗಲೇ ಹೇಳಿಬಿಟ್ಟೆ. ‘ಬಂದು ಹೇಳು ಅಂದಿದ್ರಿ. ನಾನು ಬರಲಿಲ್ಲ. ಟಿಕ್ ಹಾಗೇ ಬಿಟ್ಟೆ. ಹದಿಮೂರಕ್ಕೂ ಸೌಂಡ್ ಬಂದಿಲ್ಲ. ಅದರಲ್ಲಿ ಇರೋದು ನಮ್ಮಮ್ಮನ ದನಿ, ಈಗ ಅವಳಿಗೆ ದನಿ ಇಲ್ಲ. ಡಿಸ್ಕಿಗೆ ನಮ್ಮಪ್ಪ ತೂತು ಕೊರೆದು ಕಿಟಕಿಗೆ ಕಟ್ಟಿದಾನೆ, ಪಾರಿವಾಳಕ್ಕೆ.’

ಅವರ ಬಾಯಿಂದ ಸ್ಕ್ರೂ ಬಿತ್ತು.

‘ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ಡಿಸ್ಕ್ ಕಳ್ಕೊಂಡೋರು, ತುಳಿದೋರು, ಅದರ ಮೇಲೆ ಬಿಸಿ ಲೋಟ ಇಟ್ಟೋರು ಎಲ್ಲ ಬಂದಿದಾರೆ. ಡ್ರಿಲ್ ಹಾಕಿದೋರು ನೀವೇ ಮೊದಲು.’ ಸ್ಕ್ರೂ ಹೆಕ್ಕಿಕೊಂಡು, ಒಳಗೆ ಬಾ ಎಂದರು. ಅಂಗಡಿಯಲ್ಲಿದ್ದ ಒಂದು ಡಿಸ್ಕು ಎತ್ತಿ ಬೆಳಕಿಗೆ ಹಿಡಿದರು. ‘ನೋಡು, ಇದು ಒಳಗಿಂದ ಹೊರಗೆ ಬರ್ಕೊಂಡು ಹೋಗತ್ತೆ. ಬರೆದಿರೋ ಕಡೆ ಬಣ್ಣ ಸ್ವಲ್ಪ ಗಾಢ, ಕಂಡ್ತಾ? ಅದರಾಚೆ ಖಾಲಿ. ನಿಮ್ಮಪ್ಪನ ತೂತು ಖಾಲಿ ಜಾಗದಲ್ಲಿ ಬಿದ್ದಿದ್ರೆ ಬಚಾವ್. ಗಾಢ ಇರೋ ಕಡೆ ಬಿದ್ದಿದ್ರೆ, ತೂತು ಬರೋವರೆಗೆ ಸಿಕ್ಕಿದ್ದು ನಿಂದು.’

‘ಬಿಸಿಲು?’ ಎಂದೆ.

‘ಅದೇ ಕಷ್ಟ. ಬಿಸಿಲಿಗೆ ಬಣ್ಣ ಹೋಗತ್ತೆ. ಎಷ್ಟು ದಿನ ಕಟ್ಟಿದ್ರಿ? ಮೊದಲು ಅದನ್ನ ಬಿಚ್ಚು, ಹೋಗು. ತಾಳು, ತಾಳು. ಸೌಂಡ್ ಜಾಗದಲ್ಲಿ ಇದ್ದದ್ದು ಇದ್ದ ಹಾಗೇ ಅಂತ ಒಂದಿರತ್ತೆ, ಅದನ್ನ ಬಿಟ್ಟು ಅದರ ಕೆಳಗಿಂದು ಒತ್ತು. ಆಗ ನಾಲ್ಕಕ್ಕೆ ನಿಲ್ಲಲ್ಲ. ಇನ್ನೊಂದು, ತೂತು ಬಿದ್ದ ಡಿಸ್ಕು ಒಂದು ಕಡೆ ಹಗುರ ಆಗಿರತ್ತೆ. ಜೋರಾಗಿ ತಿರುಗಿದ್ರೆ ಅದುರಿ ಒಳಗೇ ಚೂರಾಗಬಹುದು. ನಾನಂತೂ ನನ್ನ ಮಶೀನಿಗೆ ಹಾಕಲ್ಲಮ್ಮ.’ ನಿಧಾನಕ್ಕೆ ತಿರುಗಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟು ‘ಈ ಸಲ ಬಂದು ಹೇಳ್ತೀಯಾ?’ ಎಂದರು.

‘ಹೇಳ್ತೀನಿ’ ಎಂದೆ.

ಮಾರ್ಚ್ 18, ಮಂಗಳವಾರ

ಅಪ್ಪ ಇವತ್ತು ಅಂಗಡಿ ತೆರೆಯಲಿಲ್ಲ. ಹದಿಮೂರೂ ಡಿಸ್ಕನ್ನು ನಿನ್ನೆಯೇ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆವು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆವು. ಮೊದಲ ಐದೂ ಡಿಸ್ಕು ಎಂಟು ದಿನ ಬಿಸಿಲು ಕಂಡಿವೆ, ಬಣ್ಣ ಬಿಳಿಚಿದೆ. ಉಳಿದ ಎಂಟರಲ್ಲಿ ಆರಕ್ಕೆ ತೂತು ಖಾಲಿ ಜಾಗದಲ್ಲಿ. ಎರಡಕ್ಕೆ ಗಾಢ ಬಣ್ಣದ ಅಂಚಿನಲ್ಲೇ ಬಿದ್ದಿದೆ. ಹನ್ನೆರಡನೆಯದು ಅದರಲ್ಲೊಂದು.

ಆರರಲ್ಲಿ ಒಂದನ್ನು, ಹನ್ನೊಂದನೆಯದನ್ನು, ಹಾಕಿದೆ. ಎಷ್ಟು ನಿಧಾನಕ್ಕೆ ಇಟ್ಟರೂ ಮೇಜೇ ನಡುಗಿತು. ಅಪ್ಪ ಕೂಡಲೇ ಅಂಗೈಯನ್ನು ಕಂಪ್ಯೂಟರ್ ಮೇಲಿಟ್ಟ. ಕಣ್ಣು ಮುಚ್ಚಿದ. ನಿಲ್ಲಿಸು ಎಂದು ಕೈ ಮಾಡಿದ. ಮುಖದಲ್ಲಿ ಮೊನ್ನೆಯಿಂದ ಇದ್ದ ಸೂತಕದ ಕಳೆ ಹೋಗಿತ್ತು. ಇದು ಕಂಪ್ಯೂಟರಲ್ಲ, ಚಕ್ರ, ಎಂದ ಕೈಯಲ್ಲಿ.

ಕೆಳಗೆ ಒಯ್ದು, ಡಿಸ್ಕನ್ನು ಅಡ್ಡ ಕಡ್ಡಿಗೆ ಸಿಕ್ಕಿಸಿ ಮೆಲ್ಲಗೆ ತಿರುಗಿಸಿ ಬಿಟ್ಟ. ಪ್ರತಿ ಸಲವೂ ತೂತು ಮೇಲೆ ಬಂದು ನಿಂತಿತು. ಪೆನ್ನಿನಿಂದ ಅದರ ನೇರ ಎದುರಿಗೆ ಗುರುತು ಹಾಕಿ ಡ್ರಿಲ್ಲು ಎತ್ತಿದ.

‘ಇನ್ನೊಂದು ತೂತಾ! ಬೇಡ! ಅಪ್ಪಾ, ಬೇಡ!’

ಅಪ್ಪನಿಗೆ ಕೇಳುವುದಿಲ್ಲ ಎಂಬುದೇ ಮರೆತು ಕೂಗಿದ್ದೆ. ಮೇಲೆ ಅಮ್ಮ ಕಿಟಕಿಗೆ ಓಡಿ ಬಂದಳು. ಎದುರು ಮನೆಯವರೂ ಹೊರಗೆ ಬಂದರು. ಅಪ್ಪ ತೂತು ಕೊರೆದೇಬಿಟ್ಟ. ಅಂಚನ್ನು ನುಣ್ಣಗೆ ಉಜ್ಜಿ, ಮತ್ತೆ ಕಡ್ಡಿಗೆ ಸಿಕ್ಕಿಸಿ ತಿರುಗಿಸಿದ. ಈ ಸಲ ಡಿಸ್ಕು ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು.

ಮೇಲೆ ತಂದು ಹಾಕಿದೆವು. ಅಪ್ಪನ ಅಂಗೈ ಕಂಪ್ಯೂಟರ್ ಮೇಲೆ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ಹೆಬ್ಬೆರಳು ಎತ್ತಿದ.

ಐದು ಪರ್ಸೆಂಟು ದಾಟಿದೆ. ಈ ವೇಗದಲ್ಲಿ ನಾಳೆಯಿಡೀ ಓಡುತ್ತದೆ. ಓಡಲಿ.

ಮಾರ್ಚ್ 20, ಗುರುವಾರ

ಹನ್ನೊಂದನೇ ಡಿಸ್ಕು, ಬೆಳಿಗ್ಗೆ ಹತ್ತಕ್ಕೆ ಮುಗಿಯಿತು. ಸ್ಪೀಕರಿನ ಗುಂಡಿ ತಿರುಗಿಸಿದೆ.

‘ಪುಟ್ಟಿ, ಏ ಪುಟ್ಟಿ, ಇಲ್ನೋಡು, ಇಲ್ನೋಡು! ನಿಮ್ಮಪ್ಪನ ಕಾಲಿಂದ ಈಚೆ ಬಾರೇ. ಎಂಟು ವರ್ಷ ಆಯ್ತು, ಇನ್ನೂ ಗೋಂದು ಹಚ್ಚಿದ ಹಾಗೆ ಅಂಟ್ಕೊಂಡಿದ್ದೀಯಲ್ಲ. ಬಿಡಿಸೋಕೆ ಬಿಸಿನೀರು ತರ್ಲಾ? ಹಾಂ, ನಕ್ಳು! ನಕ್ಳು ನಕ್ಳು. ಯಾರದು ಕೆಳಗೆ? ಪಂಪಾ? ಬಾಗಿಲ ಹಿಂದೆ ಇದೆ ನೋಡಿ, ತಗೊಂಡು ಹಾಕ್ಕೊಳಿ, ವಾಪಸ್ ಅಲ್ಲೇ ಇಡಿ! ನಿಮ್ಮನೆಗೆ ಹೊತ್ಕೊಂಡು ಹೋಗ್ಬೇಡಿ ಮತ್ತೆ!’

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೌಟು. ಅದರಿಂದ ತೊಟ್ಟಿಕ್ಕುತ್ತಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ದನಿ ಮಾತಾಡುತ್ತಲೇ ಇತ್ತು. ಪಾತ್ರೆಯ ಮಾತು, ಬೆಳಕಿನ ಮಾತು, ಅಪ್ಪನ ಅಂಗಿಯ ಕಾಲರಿನ ಮಾತು. ನಡುವೆ ಉಸಿರೂ ತೆಗೆದುಕೊಳ್ಳುವುದಿಲ್ಲ. ಅಮ್ಮ ನಿಧಾನಕ್ಕೆ ಬಂದು ಕೂತು ಸ್ಲೇಟು ಎತ್ತಿಕೊಂಡಳು.

‘ಇಷ್ಟು ಜೋರಾ ನಾನು?’

ಹೌದು ಎಂದು ತಲೆ ಆಡಿಸಿದೆ. ಅಳು ಬರುತ್ತಿತ್ತು.

‘ಯಾರೂ ಹೇಳ್ಲೇ ಇಲ್ವಲ್ಲ!’ ಎಂದು ಬರೆದಳು. ಬರೆಯುತ್ತ ಬರೆಯುತ್ತಲೇ ನಗು ಬಂದು ಬಳಪ ಮುರಿಯಿತು.

ಅಪ್ಪ ನಮ್ಮಿಬ್ಬರನ್ನೂ ನೋಡಿದ. ಆಮೇಲೆ ಸ್ಪೀಕರಿನ ಬಲೆಯ ಮೇಲೆ ಅಂಗೈ ಇಟ್ಟ. ಮೊನ್ನೆ ಕಂಪ್ಯೂಟರ್ ಮೇಲಿಟ್ಟ ಹಾಗೆಯೇ, ಕಣ್ಣು ಮುಚ್ಚಿಕೊಂಡು. ಅಮ್ಮ ಫೋನಿನಲ್ಲಿ ದೊಡ್ಡಮ್ಮನ ಜೊತೆ ಗಂಟೆಗಟ್ಟಲೆ ಮಾತಾಡುವಾಗ ಅಪ್ಪ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಡುತ್ತಿದ್ದದ್ದು ನನಗೆ ನೆನಪಾಯಿತು. ಬೆನ್ನು ಒತ್ತುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ.

ಅಪ್ಪ ಕಣ್ಣು ತೆರೆಯಲಿಲ್ಲ. ಇನ್ನೊಂದು ಕೈ ಎತ್ತಿ, ಬಾಯಿಯ ಪಕ್ಕದಲ್ಲಿ ಬೆರಳುಗಳನ್ನು ಕೊಕ್ಕಿನ ಹಾಗೆ ತೆರೆದು ಮುಚ್ಚಿದ. ತೆರೆದು ಮುಚ್ಚಿದ.

ಅಮ್ಮ ಆ ಕೈಯನ್ನು ಹಿಡಿದುಕೊಂಡಳು.

ಒಲೆಯ ಮೇಲಿನದು ಸೀದು ಹೋಯಿತು. ಅದನ್ನೇ ಉಂಡೆವು.

ಮಾರ್ಚ್ 21, ಶುಕ್ರವಾರ

ಸ್ಕ್ರೂ ಅಣ್ಣನಿಗೆ ಹೋಗಿ ಹೇಳಿ ಬಂದೆ. ಎರಡನೇ ತೂತಿನ ವಿಷಯ ಕೇಳಿ ‘ನಿಮ್ಮಪ್ಪನ್ನ ನನ್ನ ಅಂಗಡೀಲಿ ಕೂರಿಸ್ಬೇಕು’ ಎಂದರು. ‘ಅವನು ಬರಲ್ಲ, ನಿಮ್ಮ ಮಾತು ಜಾಸ್ತಿ ಅಂತಾನೆ’ ಎಂದೆ. ಬಹಳ ನಕ್ಕರು. ಏನು ಹೇಳಲು ಹೋಗಿ ಏನು ಹೇಳಿದೆನೋ, ಅರ್ಧ ಗಂಟೆ ಆಗಿಹೋಗಿತ್ತು.

ಮಾರ್ಚ್ 27, ಗುರುವಾರ

ಲೆಕ್ಕ ಮುಗಿಯಿತು. ಆರು ಪೂರ್ತಿ ಸಿಕ್ಕವು. ಎರಡು ಅರ್ಧರ್ಧ. ಮೊದಲ ಐದೂ ಹೋದವು. ಕಂಪ್ಯೂಟರು ಎಷ್ಟು ತಡಕಾಡಿದರೂ ಅವುಗಳಲ್ಲಿ ಏನೂ ಕಾಣುವುದಿಲ್ಲವಂತೆ. ಆ ಐದರಲ್ಲಿ ಚಿತ್ರ ಮಾತ್ರ ಉಳಿಯಿತು. ನಾನು ಮೂರು ವರ್ಷದವಳಿದ್ದಾಗ ಅಮ್ಮ ನನ್ನನ್ನು ಏನೆಂದು ಕರೆದು ನಗಿಸಿದ್ದಳೋ ಇನ್ನು ಗೊತ್ತಾಗುವುದಿಲ್ಲ. ಇದು ನನ್ನದೇ ತಪ್ಪು. ಅಮ್ಮನಿಗೆ ಕ್ಷಮೆ ಕೇಳಿದೆ, ಬಾಯಿಬಿಟ್ಟು ಕೇಳಿದೆ. ಅಮ್ಮ ಬರೆದಳು: ‘ಐದು ಹೋಗಿದ್ದಕ್ಕೆ ಅಳ್ತೀಯಾ? ಎಂಟು ಕೇಳಿ ಮುಗಿಸೋಷ್ಟರಲ್ಲಿ ನಿನ್ನ ತಲೆ ಕೆಡತ್ತೆ ನೋಡು.’

ಹನ್ನೆರಡನೆಯದು ಅರ್ಧ ಸಿಕ್ಕವುಗಳಲ್ಲೊಂದು. ಅಮ್ಮ ಮಲಗಿದ್ದಾಗ, ಸದ್ದು ಸಣ್ಣಗೆ ಮಾಡಿ ಒಬ್ಬಳೇ ಕೇಳಿದೆ.

ವೇದಿಕೆಯ ಮೇಲೆ ನಾನು. ಬಾಯಿ ಅಂಟಿಕೊಂಡಿದೆ. ಕ್ಯಾಮೆರಾದ ಹಿಂದಿನಿಂದ ಪಿಸುಮಾತು. ಆ ಮೂರು ಸಾಲನ್ನು ಅಮ್ಮ ಮೆಲ್ಲಗೆ ಹೇಳಿಕೊಡುತ್ತಿದ್ದಾಳೆ, ಅಷ್ಟು ದೂರದಿಂದ ನನಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ. ಒಮ್ಮೆ, ಮತ್ತೊಮ್ಮೆ. ಪಕ್ಕದಲ್ಲಿ ಯಾರೋ ಹೆಂಗಸು ‘ಪಾಪ, ಮಗು ಮೂಗೀನಾ?’ ಎಂದು ಕೇಳುತ್ತಾರೆ. ಅಮ್ಮ ಪಿಸುಮಾತು ಬಿಟ್ಟು ತನ್ನ ದನಿಯಲ್ಲಿ ಹೇಳುತ್ತಾಳೆ: ‘ಮೂಗಿ ಯಾಕ್ರೀ ಆಗ್ತಾಳೆ? ಅವಳ ಹತ್ರ ಬೇಕಾದಷ್ಟು ಮಾತಿದೆ. ಮನೇಲಿ ನನ್ನ ಬಾಯೇ ಮುಚ್ಚಲ್ವಲ್ಲ, ಅವಳಿಗೆ ಸರದಿ ಸಿಕ್ಕಿಲ್ಲ ಅಷ್ಟೆ. ಸಿಕ್ಕಿದ ದಿನ...’

ಅಲ್ಲಿಗೆ ತೂತು.

ಅಳಿಸಲಿಲ್ಲ.

ಮಾರ್ಚ್ 30, ಭಾನುವಾರ

ದೊಡ್ಡಮ್ಮ ಎಂಟನ್ನೂ ಕೇಳಿದಳು. ಊಟಕ್ಕೂ ಏಳಲಿಲ್ಲ. ಡಿಸ್ಕಿನೊಳಗಿನ ಅಮ್ಮನ ಜೊತೆ ಜಗಳವನ್ನೂ ಆಡಿದಳು. ‘ಸುಳ್ಳು! ಆ ತಟ್ಟೆ ಒಡೆದಿದ್ದು ನಾನಲ್ಲ, ನೀನು!’ ಹೊರಗಿನ ಅಮ್ಮ ಪಕ್ಕದಲ್ಲೇ ಕೂತು ಸ್ಲೇಟಿನಲ್ಲಿ ‘ನೀನೇ’ ಎಂದು ಬರೆದು ಅವಳ ಮೂಗಿನ ಕೆಳಗೆ ಹಿಡಿದಳು. ಇಬ್ಬರು ಅಮ್ಮಂದಿರ ಎದುರು ದೊಡ್ಡಮ್ಮ ಸೋತಳು.

ಮಧ್ಯೆ ನಾನು ಕಿಟಕಿಯಲ್ಲಿ ಗಿರಾಕಿಯೊಬ್ಬರ ಹತ್ತಿರ ಮಾತಾಡುತ್ತಿದ್ದಾಗ ದೊಡ್ಡಮ್ಮ ಇದ್ದಕ್ಕಿದ್ದಂತೆ ‘ಇದು ಎಷ್ಟನೇ ಡಿಸ್ಕು?’ ಎಂದು ಕೇಳಿದಳಂತೆ. ಡಿಸ್ಕು ಯಾವುದೂ ಓಡುತ್ತಿರಲಿಲ್ಲ. ವಯಸ್ಸಾಯಿತು ದೊಡ್ಡಮ್ಮನಿಗೆ.

ಏಪ್ರಿಲ್ 6, ಭಾನುವಾರ

ಬಣ್ಣ ಹೋದ ಐದು ಡಿಸ್ಕನ್ನು ಅಪ್ಪ ಮತ್ತೆ ಕಿಟಕಿಗೆ ಕಟ್ಟಿದ. ಅಮ್ಮನೇ ಕೇಳಿದಳು, ಅಡುಗೆಮನೆಗೆ ಬಣ್ಣ ಬೇಕಂತೆ. ಆ ಪಾರಿವಾಳವೂ ಬಂತು. ಹದಿನಾಲ್ಕನೆಯದು ಡಬ್ಬಿಯಲ್ಲಿದೆ. ಅದಕ್ಕೆ ಯಾರೂ ತೂತು ಕೊರೆಯುವ ಹಾಗಿಲ್ಲ ಎಂದು ಮುಚ್ಚಳದ ಮೇಲೆ ಬರೆದು ಅಂಟಿಸಿದ್ದೇನೆ. ಗೀರು ಉಜ್ಜುವ ಮಶೀನು ಬಂದರೆ ಹೇಳುತ್ತೇನೆ ಎಂದಿದ್ದಾರೆ ಸ್ಕ್ರೂ ಅಣ್ಣ. ಎರಡು ದಿನಕ್ಕೊಮ್ಮೆ ಹೋಗಿ ಕೇಳುತ್ತಿದ್ದೇನೆ, ಬಿಡುವುದಿಲ್ಲ.

ಸಂಜೆ ಕೆಳಗೆ ಮೂರು ಸೈಕಲ್ಲು ಒಟ್ಟಿಗೆ ಬಂದವು. ಒಬ್ಬರಿಗೆ ಚೈನು, ಒಬ್ಬರಿಗೆ ಬ್ರೇಕು, ಇನ್ನೊಬ್ಬರದು ಏನೆಂದು ಅವರಿಗೇ ಗೊತ್ತಿಲ್ಲ, ಕಟಕಟ ಅನ್ನತ್ತೆ ಎಂದರು. ‘ತುಳಿದಾಗ ಅನ್ನತ್ತಾ, ಸುಮ್ನೆ ಹೋಗುವಾಗಲೂ ಅನ್ನತ್ತಾ? ಒಬ್ಬೊಬ್ಬರೇ ಹೇಳಿ, ನಂಗಿರೋದು ಎರಡೇ ಕಿವಿ!’ ಎಂದು ಕಿಟಕಿಯಿಂದ ಕೂಗಿ, ಒಂದೊಂದನ್ನೂ ಅಪ್ಪನಿಗೆ ಕೈಯಲ್ಲಿ ಹೇಳಿದೆ. ಅಪ್ಪ ಗ್ರೀಸಿನ ಕೈಯಲ್ಲೇ ಮೇಲೆ ನೋಡಿ ಬಾಯಿಯ ಪಕ್ಕದಲ್ಲಿ ಕೊಕ್ಕಿನ ಸನ್ನೆ ಮಾಡಿದ.

‘ಅಮ್ಮಾ, ಅಪ್ಪ ಕರೀತಿದಾನೆ’ ಎಂದೆ.

ಅಮ್ಮ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. ಇಬ್ಬರೂ ಕೈಯಲ್ಲಿ ಏನೋ ಬೇಗ ಬೇಗ ಆಡಿಕೊಂಡರು. ಅಮ್ಮನ ಭುಜಗಳು ಕುಲುಕಿದವು, ಈಗ ಅವಳು ನಗುವುದು ಹಾಗೆಯೇ. ಸ್ಲೇಟಿನಲ್ಲಿ ಬರೆದಳು:

‘ನನ್ನನ್ನಲ್ಲ ಕಣೇ.’

ಮತ್ತೆ ಯಾರನ್ನು ಎಂದು ಕೇಳಬೇಕು ಎನ್ನುವಷ್ಟರಲ್ಲಿ ಕೆಳಗಿನಿಂದ ಯಾರೋ ಪಂಪು ಬೇಕು ಎಂದರು. ‘ಬಾಗಿಲ ಹಿಂದೆ ಇದೆ ನೋಡಿ, ತಗೊಂಡು ಹಾಕ್ಕೊಳಿ, ವಾಪಸ್ ಅಲ್ಲೇ ಇಡಿ!’ ಎಂದೆ. ಅವರು ಹೋದ ಮೇಲೆ ಇನ್ನಿಬ್ಬರು ಬಂದರು. ಕೇಳುವುದು ಮರೆತೇ ಹೋಯಿತು.

ನಾಳೆ ಕೇಳಬೇಕು.